ದೀಪದ ಕಂಟ್ರೋಲರ್ ಮಳೆಯಲ್ಲಿ ಉಳಿಯಬೇಕಾದರೆ

ಮಳೆ ನಿಂತ ಮಾರನೇ ಬೆಳಿಗ್ಗೆ ದೀಪದ ಕಂಟ್ರೋಲರ್ ಇಟ್ಟಿದ್ದ ಬಾಕ್ಸಿನ ಮುಚ್ಚಳ ತೆಗೆದೆ. ತಳದಲ್ಲಿ ನಾಲ್ಕು ಚಮಚದಷ್ಟು ನೀರು ನಿಂತಿತ್ತು. ಪವರ್ ಸಪ್ಲೈಗೆ ತಂತಿ ಬಿಗಿದಿದ್ದ ಸ್ಕ್ರೂಗಳು ಹಸಿರಾಗಿದ್ದವು. ಮುಚ್ಚಳದ ಸುತ್ತ ಕೂದಲೆಳೆಯಷ್ಟು ಜಾಗವೂ ಬಿಡದೆ ಸಿಲಿಕೋನ್ ಬಳಿದಿದ್ದೆ. ತಂತಿ ಬರುವ ತೂತುಗಳಿಗೂ ಬಳಿದಿದ್ದೆ. ಇಷ್ಟು ಬಿಗಿಯಾಗಿ ಮುಚ್ಚಿದ ಡಬ್ಬಿಯೊಳಗೆ ನೀರು ಬಂದದ್ದು ಹೇಗೆ ಅಂತ ದಿನವಿಡೀ ತಲೆ ಕೆಡಿಸಿಕೊಂಡೆ. ಬಂದ ನೀರು ಹೊರಗೆ ಯಾಕೆ ಹೋಗಲಿಲ್ಲ ಅಂತ ಕೇಳಿಕೊಳ್ಳಬೇಕು ಅನ್ನಿಸಿದ್ದು ಮುಂದಿನ ವರ್ಷ, ಎರಡನೇ ಕಂಟ್ರೋಲರ್ ಸುಟ್ಟ ಮೇಲೆ.

ಹಬ್ಬಕ್ಕೆ ಮನೆಯ ಹೊರಗೆ ಬಣ್ಣ ಬದಲಿಸುವ ದೀಪ ಹಾಕುವವರೆಲ್ಲ ಒಂದಲ್ಲ ಒಂದು ದಿನ ಇಲ್ಲಿಗೆ ಬಂದೇ ಬರುತ್ತಾರೆ. ದೀಪಗಳು ಮಳೆ ತಡೆಯುತ್ತವೆ. ಪಿಕ್ಸೆಲ್ ಬಲ್ಬ್ ಅನ್ನುತ್ತೇವಲ್ಲ, ಅದರೊಳಗಿನ ಪುಟ್ಟ ಚಿಪ್ ಮತ್ತು ಎಲ್‌ಇಡಿ ಎರಡನ್ನೂ ಅಂಟಿನಲ್ಲಿ ಮುಳುಗಿಸಿ ಗಟ್ಟಿ ಮಾಡಿರುತ್ತಾರೆ. ಅವುಗಳಿಗೆ ಬಣ್ಣ ಹೇಳಿಕೊಡುವ ಬೋರ್ಡಿಗೆ, ಅಂದರೆ ಕಂಟ್ರೋಲರಿಗೆ, ಅಂಥ ಕವಚವಿಲ್ಲ. ಡಬ್ಲ್ಯುಎಸ್2811 ಥರದ ಚಿಪ್‌ಗೆ ಕಂಟ್ರೋಲರ್ ಸೆಕೆಂಡಿಗೆ 8 ಲಕ್ಷ ಬಿಟ್‌ಗಳ ವೇಗದಲ್ಲಿ ಸುದ್ದಿ ಕಳಿಸುತ್ತದೆ. ಅಷ್ಟು ಸೂಕ್ಷ್ಮವಾದ ಬೋರ್ಡು, ಅದರ ಪಕ್ಕದಲ್ಲೇ ಮನೆಯ ಕರೆಂಟನ್ನು 5 ಅಥವಾ 12 ವೋಲ್ಟ್ ಡಿಸಿಗೆ ಇಳಿಸುವ ಎಸ್‌ಎಂಪಿಎಸ್ ಅನ್ನುವ ಪವರ್ ಸಪ್ಲೈ, ಒಂದಷ್ಟು ಫ್ಯೂಸು, ತಂತಿ ಬಿಗಿಯುವ ಟರ್ಮಿನಲ್ಲು. ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಬಿಸಿಲು, ಗಾಳಿ, ಮಳೆಗೆ ತಿಂಗಳುಗಟ್ಟಲೆ ನೇತಾಡಬೇಕು.

ನೀರು ತಾಗಿದರೆ ಆಗುವುದೇನು? ಮನೆಯ ಕರೆಂಟಿನ ಭಾಗದಲ್ಲಿ ಮನುಷ್ಯರ ಜೀವಕ್ಕೇ ಅಪಾಯ. ಅದಕ್ಕೆ ಆಮೇಲೆ ಬರೋಣ. 12 ವೋಲ್ಟಿನ ಭಾಗದಲ್ಲಿ ಶಾಕ್ ಹೊಡೆಯುವುದಿಲ್ಲ, ಆದರೆ ಸಾಮಾನು ಸದ್ದಿಲ್ಲದೆ ಸಾಯುತ್ತದೆ. ಪಕ್ಕಪಕ್ಕದ ಎರಡು ಟರ್ಮಿನಲ್ ಮೇಲೆ ತೆಳ್ಳಗೆ ನೀರಿನ ಪದರ ಕೂತರೆ ಸಾಕು, ಅದರ ಮೂಲಕ ಚೂರು ಕರೆಂಟು ಹರಿಯತೊಡಗುತ್ತದೆ. ಡಿಸಿ ಯಾವಾಗಲೂ ಒಂದೇ ದಿಕ್ಕಿಗೆ ಹರಿಯುವುದರಿಂದ ಪಾಸಿಟಿವ್ ಕಡೆಯ ತಾಮ್ರ ದಿನದಿನವೂ ಕರಗುತ್ತಾ ಬರುತ್ತದೆ. ನಾನು ಕಂಡ ಹಸಿರು ಬಣ್ಣ ಅದೇ, ತಾಮ್ರದ ಪಾತ್ರೆಗೆ ಹಿಡಿಯುವ ಕಿಲುಬಿನ ಜಾತಿಯದು. ಕಿಲುಬು ಹಿಡಿದ ಕಡೆ ಸಂಪರ್ಕ ಸಡಿಲವಾಗುತ್ತದೆ, ಬಿಸಿಯಾಗುತ್ತದೆ, ದೀಪ ಮಿಣಮಿಣ ಅನ್ನುತ್ತದೆ. ಎಲ್ಲರೂ ಆಗ ಸಾಫ್ಟ್‌ವೇರ್ ಕೆಟ್ಟಿದೆ ಅಂತ ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ.

ಪೆಟ್ಟಿಗೆ ಉಸಿರಾಡುತ್ತದೆ

ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ನೀರು ಎಲ್ಲಿಂದ ಬಂತು? ಪೆಟ್ಟಿಗೆಯೇ ಅದನ್ನು ಎಳೆದುಕೊಂಡಿತು.

ದೀಪಗಳು ಸಂಜೆ ಪೂರ್ತಿ ಉರಿದಿವೆ ಅಂದುಕೊಳ್ಳಿ. ಒಳಗಿನ ಗಾಳಿ 45 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದೆ. ಹಿಗ್ಗಿದ ಗಾಳಿ ಎಲ್ಲೋ ಸಣ್ಣ ಸಂದಿಯಿಂದ ನಿಧಾನಕ್ಕೆ ಹೊರಗೆ ಹೋಗಿದೆ. ಅಷ್ಟರಲ್ಲಿ ಮಳೆ ಶುರುವಾಯಿತು, ದೀಪ ಆರಿಸಿದಿರಿ. ತಣ್ಣೀರು ಬಿದ್ದ ಪೆಟ್ಟಿಗೆ ಬೇಗ 20 ಡಿಗ್ರಿಗೆ ಇಳಿಯಿತು. ಒಳಗೆ ಉಳಿದ ಗಾಳಿ ಕುಗ್ಗಿ ಒತ್ತಡ ಸುಮಾರು ಶೇ 8ರಷ್ಟು ಕಡಿಮೆಯಾಯಿತು. ಕೇಳಲು ಸಣ್ಣ ಸಂಖ್ಯೆ. ಆದರೆ ಆ ಎಳೆತಕ್ಕೆ ಒಂದು ಕೊಳವೆ ಸಿಕ್ಕಿಸಿದರೆ ನೀರನ್ನು 80 ಸೆಂಟಿಮೀಟರ್ ಮೇಲಕ್ಕೆ ಏರಿಸುತ್ತದೆ. ಅದೇ ಹೊತ್ತಿಗೆ ಮುಚ್ಚಳದ ಅಂಚಿನಲ್ಲಿ, ತಂತಿಯ ಸುತ್ತ ಮಳೆನೀರು ಕಾದು ಕೂತಿರುತ್ತದೆ. ಯಾವ ಸಂದಿಯಿಂದ ಬಿಸಿಗಾಳಿ ಹೊರಗೆ ಹೋಗಿತ್ತೋ ಅದೇ ಸಂದಿಯಿಂದ ನೀರು ಒಳಗೆ ಬರುತ್ತದೆ.

ಇದು ಒಮ್ಮುಖದ ದಾರಿ. ಬರುವಾಗ ನೀರಾಗಿ ಬರುತ್ತದೆ. ಹೋಗಬೇಕಾದರೆ ಆವಿಯಾಗಿಯೇ ಹೋಗಬೇಕು, ಅದೂ ಅಷ್ಟು ಸಣ್ಣ ಸಂದಿಯಿಂದ. ಹಾಗಾಗಿ ಬಂದಷ್ಟು ಹೋಗುವುದಿಲ್ಲ. ದಿನಕ್ಕೊಂದು ಉಸಿರು, ಉಸಿರಿಗೆ ಒಂದಿಷ್ಟು ಹನಿ. ನಾಲ್ಕು ಚಮಚ ತುಂಬಲು ಬಿರುಗಾಳಿಯೇನೂ ಬೇಕಿಲ್ಲ.

ಮಳೆಯೇ ಬರದಿದ್ದರೂ ಬೆವರು ಅಂತ ಒಂದಿದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. 15 ಡಿಗ್ರಿಯಲ್ಲಿ 13 ಗ್ರಾಂ ಮಾತ್ರ. ಮಿಕ್ಕಿದ್ದು ಇಬ್ಬನಿಯಾಗಿ ಕೂರುತ್ತದೆ. 20 ಲೀಟರ್ ಜಾಗವಿರುವ ಪೆಟ್ಟಿಗೆಯ ಲೆಕ್ಕಕ್ಕೆ ಅದು ಒಂದು ಗ್ರಾಮಿನ ಮೂರನೇ ಒಂದು ಭಾಗ, ಅಂದರೆ ಏಳೆಂಟು ಹನಿ. ಅಷ್ಟೇನಾ ಅನ್ನಬೇಡಿ. ಒಳಗೆ ಯಾವುದು ಎಲ್ಲಕ್ಕಿಂತ ಬೇಗ ತಣ್ಣಗಾಗುತ್ತದೋ ಅದರ ಮೇಲೆಯೇ ಅದು ಕೂರುವುದು. ಲೋಹದ ಮುಚ್ಚಳ ಇದ್ದರೆ ಅದರ ಒಳಮೈ ಮೇಲೆ ಕೂತು, ಆಮೇಲೆ ನೇರ ಬೋರ್ಡಿನ ಮೇಲೆ ತೊಟ್ಟಿಕ್ಕುತ್ತದೆ.

ಹಾಗಾದರೆ ಮಾಡುವುದೇನು? ಉಸಿರು ಕಟ್ಟಿಸುವ ಬದಲು ಉಸಿರಾಡಲು ಸರಿಯಾದ ಜಾಗ ಕೊಡಬೇಕು. ಅದಕ್ಕೆಂದೇ ವೆಂಟ್ ಪ್ಲಗ್ ಅಂತ ಸಿಗುತ್ತದೆ. ಬಾಟಲಿ ಮುಚ್ಚಳದಷ್ಟು ದೊಡ್ಡದು. ಅದರೊಳಗೆ ಮಳೆ ಜಾಕೆಟ್ಟುಗಳಲ್ಲಿ ಬಳಸುವಂಥ ತೆಳು ಪದರವಿದೆ. ಗಾಳಿ ಮತ್ತು ಆವಿ ದಾಟುತ್ತವೆ, ನೀರಿನ ಹನಿ ದಾಟುವುದಿಲ್ಲ. ಪೆಟ್ಟಿಗೆಯ ಪಕ್ಕಕ್ಕೋ ತಳಕ್ಕೋ ಒಂದು ಹಾಕಿದರೆ ಒತ್ತಡದ ಏರಿಳಿತ ಅಲ್ಲೇ ಮುಗಿಯುತ್ತದೆ, ಅಂಚಿನಲ್ಲಿ ಕಾದು ಕೂತ ನೀರನ್ನು ಎಳೆಯುವವರೇ ಇರುವುದಿಲ್ಲ. ಅದು ಸಿಗದಿದ್ದರೆ ತಳದ ಅತಿ ತಗ್ಗಿನ ಮೂಲೆಯಲ್ಲಿ 5-6 ಮಿಲಿಮೀಟರ್ ತೂತು ಕೊರೆದು, ಒಳಗಿನಿಂದ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಅಂಟಿಸಿ. ನನ್ನನ್ನು ಕೇಳಿದರೆ ಎರಡೂ ಇರಲಿ.

ಮಳೆಗೆ ಇಡುವ ಪೆಟ್ಟಿಗೆಗೆ ಕೈಯಾರೆ ತೂತು ಕೊರೆಯುವುದು ಮೊದಲ ಸಲ ಕಷ್ಟವೇ. ಡ್ರಿಲ್ ಹಿಡಿದು ಎರಡು ನಿಮಿಷ ಸುಮ್ನೆ ನಿಂತಿದ್ದೆ. ಆದರೆ ಯೋಚಿಸಿ ನೋಡಿ. ಒಂದು ಬಕೆಟ್ಟನ್ನು ಬೋರಲು ಹಾಕಿ, ಅದರೊಳಗೆ ಮೇಲ್ಗಡೆ ಕಂಟ್ರೋಲರ್ ಕಟ್ಟಿ, ನೆಲದಿಂದ ಸ್ವಲ್ಪ ಎತ್ತರಕ್ಕೆ ತೂಗುಹಾಕಿದರೆ ಎಷ್ಟು ಮಳೆ ಬಂದರೂ ಅದು ಒಣಗೇ ಇರುತ್ತದೆ. ತಳವೇ ಇಲ್ಲದ ಡಬ್ಬಿ ಅದು! ಅದೇ ಕಂಟ್ರೋಲರನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಟೇಪ್ ಬಿಗಿದು, ಪಾರ್ಸೆಲ್ ಥರ ಕಟ್ಟಿಡಿ. ವಾರದಲ್ಲಿ ಒಳಗೆಲ್ಲ ಒದ್ದೆ.

ಐಪಿ ಸಂಖ್ಯೆ ಹೇಳುವುದು, ಹೇಳದಿರುವುದು

ಪೆಟ್ಟಿಗೆ ಕೊಳ್ಳುವಾಗ ಐಪಿ65, ಐಪಿ67 ಅಂತ ಬರೆದಿರುತ್ತಾರಲ್ವಾ, ಅದು ಐಇಸಿ 60529 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಲೆಕ್ಕ. ಮೊದಲ ಅಂಕೆ ಧೂಳಿನದು, 6 ಅಂದರೆ ಧೂಳು ಒಳಗೆ ಹೋಗುವುದೇ ಇಲ್ಲ. ಎರಡನೆಯದು ನೀರಿನದು. 4 ಅಂದರೆ ಎಲ್ಲ ಕಡೆಯಿಂದ ಎರಚುವ ನೀರು. 5 ಅಂದರೆ 6.3 ಮಿಲಿಮೀಟರ್ ಬಾಯಿಯ ಪೈಪಿನಿಂದ ನಿಮಿಷಕ್ಕೆ 12.5 ಲೀಟರ್. 6ಕ್ಕೆ ನಿಮಿಷಕ್ಕೆ 100 ಲೀಟರ್. 7 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ.

ನೀರಿನ ಪರೀಕ್ಷೆ ನಡೆದದ್ದು ಹೊಸ ಪೆಟ್ಟಿಗೆಯ ಮೇಲೆ, ಹೊಸ ರಬ್ಬರಿನ ಮೇಲೆ, ಕೆಲವು ನಿಮಿಷವೋ ಅರ್ಧ ಗಂಟೆಯೋ ಅಷ್ಟೇ. ಎರಡು ಬೇಸಿಗೆ ಕಳೆದ ಮೇಲೆ ಹೇಗಿರುತ್ತದೆ ಅಂತ ಆ ಸಂಖ್ಯೆ ಹೇಳುವುದಿಲ್ಲ. ಬೆವರಿನ ಬಗ್ಗೆಯೂ ಹೇಳುವುದಿಲ್ಲ. ನೀವು ಒಂದು ತೂತು ಕೊರೆದ ಕ್ಷಣ ಅದು ನಿಮ್ಮ ಪೆಟ್ಟಿಗೆ. ಮೇಲೆ ಅಚ್ಚಾದ ಸಂಖ್ಯೆ ಬರೀ ಅಲಂಕಾರ. ಉತ್ತರ ಅಮೆರಿಕದಲ್ಲಿ ಬಳಸುವ ನೆಮಾ ಪದ್ಧತಿಯಲ್ಲಿ 3ಆರ್ ಅನ್ನುವ ಮಳೆ ಪೆಟ್ಟಿಗೆಗಳಿವೆ. ಅವುಗಳ ತಳದಲ್ಲಿ ನೀರು ಬಸಿಯುವ ತೂತು ಇರುವುದೇ ಸಾಮಾನ್ಯ. ದೀಪಾಲಂಕಾರಕ್ಕೆ ಬೇಕಾಗುವುದು ಆ ಮನೋಭಾವ. ಐಪಿ65ರ ಪೆಟ್ಟಿಗೆ ತಂದು, ಸರಿಯಾದ ಜಾಗದಲ್ಲಿ ಎರಡು ತೂತು ಮಾಡಿ ಬಳಸಿದರೆ ಸಾಕು. ನಮ್ಮ ಪೆಟ್ಟಿಗೆಯನ್ನು ಯಾರೂ ಬಾವಿಯಲ್ಲಿ ಮುಳುಗಿಸುವುದಿಲ್ಲ.

ಸಂಖ್ಯೆಗಿಂತ ಪ್ಲಾಸ್ಟಿಕ್ಕಿನ ಜಾತಿ ನೋಡುವುದು ಒಳ್ಳೆಯದು. ಸಾದಾ ಎಬಿಎಸ್ ಬಿಸಿಲಿಗೆ ಹಳದಿಯಾಗಿ ಮುರಿಮುರಿಯಾಗುತ್ತದೆ. ಎಎಸ್‌ಎ, ಅಥವಾ ಅತಿನೇರಳೆ ಕಿರಣ ತಡೆಯುವ ಪಾಲಿಕಾರ್ಬೊನೇಟ್ ಬಾಳಿಕೆ ಬರುತ್ತದೆ. ಲೋಹದ ಪೆಟ್ಟಿಗೆ ಗಟ್ಟಿ, ಆದರೆ ಅದರೊಳಗಿಟ್ಟ ಇಎಸ್‌ಪಿ32 ಥರದ ವೈಫೈ ಕಂಟ್ರೋಲರಿಗೆ ಸಿಗ್ನಲ್ ಸಿಗುವುದಿಲ್ಲ. ಆಂಟೆನಾ ಹೊರಗೆ ತರಬೇಕು, ಅದಕ್ಕೆ ಇನ್ನೊಂದು ತೂತು ಬೇಕು.

ಶಾಖದ ಕಾಟ

ನೀರಿಗೆ ಮುಚ್ಚಿದಷ್ಟೂ ಶಾಖ ಒಳಗೇ ಉಳಿಯುತ್ತದೆ. ದೀಪಗಳಿಗೆ 300 ವ್ಯಾಟ್ ಕೊಡುತ್ತಿರುವ ಎಸ್‌ಎಂಪಿಎಸ್ ತಾನೇ 40ರಿಂದ 50 ವ್ಯಾಟ್ ಬಿಸಿ ಉಗುಳುತ್ತದೆ. ಹಳೇ ಕಾಲದ ಒಂದು ಬಲ್ಬನ್ನು ಡಬ್ಬಿಯೊಳಗೆ ಹಚ್ಚಿಟ್ಟ ಹಾಗೆ. ಇಂಥ ಸಪ್ಲೈಗಳ ಮೇಲೆ ಬರೆದ ಪೂರ್ತಿ ವ್ಯಾಟ್ ಸಿಗುವುದು ಸುತ್ತಲಿನ ಗಾಳಿ ಸಾಮಾನ್ಯವಾಗಿ 50 ಡಿಗ್ರಿ ಒಳಗಿದ್ದಾಗ ಮಾತ್ರ. ಅಲ್ಲಿಂದಾಚೆ ಲೋಡು ಇಳಿಸಬೇಕು. ಅವುಗಳಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರ ಹಳೇ ಲೆಕ್ಕ.

ಬಿಸಿಲಿನ ಮುಂದೆ ಇದೂ ಸಣ್ಣದೇ. ನೆತ್ತಿಯ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತದೆ. 40 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಉದ್ದದ ಮುಚ್ಚಳಕ್ಕೆ ಅದು ನೇರವಾಗಿ ಬಿದ್ದರೆ 200 ವ್ಯಾಟ್. ಕಪ್ಪು ಪೆಟ್ಟಿಗೆ ಅದರಲ್ಲಿ ಬಹುಪಾಲನ್ನು ಕುಡಿದುಬಿಡುತ್ತದೆ. ದೀಪ ಉರಿಯುವುದು ರಾತ್ರಿ ತಾನೇ ಅನ್ನಬಹುದು. ಆದರೆ ಹಗಲು ಕಾದ ಪೆಟ್ಟಿಗೆ ಗಾಳಿಯನ್ನು ಹೊರಗೆ ತಳ್ಳಿರುತ್ತದೆ, ಸಂಜೆ ತಣಿಯುವಾಗ ಮತ್ತೆ ಎಳೆಯುತ್ತದೆ. ಅದೇ ಉಸಿರಾಟ, ಇನ್ನೂ ಜೋರಾಗಿ. ಹಾಗಾಗಿ ಬಿಳಿ ಅಥವಾ ತಿಳಿ ಬೂದು ಬಣ್ಣದ ಪೆಟ್ಟಿಗೆ, ನೆರಳಿನ ಗೋಡೆ. ನೆರಳಿಲ್ಲದಿದ್ದರೆ ಪೆಟ್ಟಿಗೆಯಿಂದ ನಾಲ್ಕು ಬೆರಳು ಬಿಟ್ಟು ಮೇಲೊಂದು ಶೀಟು ಇಳಿಜಾರಾಗಿ ಕಟ್ಟಿ. ಮಳೆಗೂ ಆಯಿತು, ಬಿಸಿಲಿಗೂ ಆಯಿತು.

ನನಗೆ ಹಿಡಿಸಿದ ದಾರಿ ಬೇರೆ: ಪವರ್ ಸಪ್ಲೈಯನ್ನು ಪೆಟ್ಟಿಗೆಯಿಂದಲೇ ಹೊರಗೆ ಹಾಕುವುದು. ಒಳಗೆಲ್ಲ ಅಂಟು ತುಂಬಿ, ಎರಡು ತುದಿಯಲ್ಲಿ ತಂತಿ ಹೊರಗೆ ಬಿಟ್ಟ ಐಪಿ67 ಸಪ್ಲೈಗಳು ಸಿಗುತ್ತವೆ. ಅವನ್ನು ಪೆಟ್ಟಿಗೆಯ ಪಕ್ಕದಲ್ಲೇ ಗೋಡೆಗೆ ಬಿಗಿದರೆ ಮೈಯೆಲ್ಲ ಗಾಳಿಗೆ ತೆರೆದಿರುತ್ತದೆ, ತಾನೇ ತಣಿಯುತ್ತದೆ. ಪೆಟ್ಟಿಗೆಯಲ್ಲಿ ಉಳಿಯುವುದು ಬೋರ್ಡು ಮತ್ತು ಫ್ಯೂಸು, ಹೆಚ್ಚೆಂದರೆ ಐದಾರು ವ್ಯಾಟ್. ಮನೆಯ ಕರೆಂಟು ಪೆಟ್ಟಿಗೆಯೊಳಗೆ ಬರುವುದೇ ಇಲ್ಲ. ಬೆಲೆ ಜಾಸ್ತಿ, ಹೌದು. ಕೆಟ್ಟರೆ ರಿಪೇರಿಯೂ ಆಗುವುದಿಲ್ಲ. ಆದರೂ ಹೊಸದಾಗಿ ಶುರುಮಾಡುವವರಿಗೆ ಇದನ್ನೇ ಹೇಳುತ್ತೇನೆ. ಫ್ಯಾನ್ ಇರುವ ಸಪ್ಲೈಯನ್ನೇ ಒಳಗಿಡಬೇಕು ಅಂದರೆ ಗಾಳಿ ಒಳಗೆ ಬರುವ ಕಿಂಡಿ ಕೆಳಗಿರಲಿ, ಹೊರಹೋಗುವ ಕಿಂಡಿ ಮೇಲಿರಲಿ, ಎರಡಕ್ಕೂ ಕೆಳಮುಖದ ಮಾಡು ಮತ್ತು ಜಾಲರಿ ಇರಲಿ.

ತಂತಿ ಬರುವ ಬಾಗಿಲು

ಒಂದೇ ಒಂದು ನಿಯಮ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಎಲ್ಲ ತಂತಿಗಳೂ ತಳದಿಂದಲೇ ಒಳಗೆ ಬರಬೇಕು. ಮೇಲಿನಿಂದ ಬೇಡವೇ ಬೇಡ. ಪಕ್ಕದಿಂದಲೂ ಬೇಡ. ಮೇಲಿನಿಂದ ಇಳಿದು ಬರುವ ತಂತಿಯ ಮೈಮೇಲೆ ನೀರು ಹರಿದು ಬರುತ್ತದೆ. ಅದನ್ನು ಪೆಟ್ಟಿಗೆಗಿಂತ ಒಂದು ಗೇಣು ಕೆಳಗೆ ಇಳಿಸಿ, ಜೋಲಿಯ ಥರ ಬಾಗಿಸಿ, ಮತ್ತೆ ಮೇಲಕ್ಕೆ ತಂದು ತಳದ ತೂತಿಗೆ ಸೇರಿಸಿ. ನೀರು ಆ ಬಾಗಿನ ತುದಿಯಲ್ಲಿ ತೊಟ್ಟಿಕ್ಕಿ ಬೀಳುತ್ತದೆ. ಕಾಸು ಖರ್ಚಿಲ್ಲ. ಆದರೂ ನಾನು ನೋಡಿದ ಕೆಟ್ಟ ಪೆಟ್ಟಿಗೆಗಳಲ್ಲಿ ಹೆಚ್ಚಿನವಕ್ಕೆ ಇದೇ ಇರಲಿಲ್ಲ.

ತೂತಿಗೆ ಕೇಬಲ್ ಗ್ಲ್ಯಾಂಡ್ ಹಾಕಬೇಕು. ಒಳಗಿನ ರಬ್ಬರ್ ಬಳೆ ತಂತಿಯನ್ನು ಸುತ್ತಲೂ ಹಿಸುಕಿ ಹಿಡಿಯುತ್ತದೆ. ಪಿಜಿ7 ಅನ್ನುವ ಅಳತೆಯ ಗ್ಲ್ಯಾಂಡ್ ಸುಮಾರು 3ರಿಂದ 6.5 ಮಿಲಿಮೀಟರ್ ದಪ್ಪದ ಕೇಬಲ್ಲಿಗೆ, ಪಿಜಿ9 4ರಿಂದ 8ಕ್ಕೆ. ಬಳೆ ದುಂಡಗಿರುವುದರಿಂದ ಕೇಬಲ್ಲೂ ದುಂಡಗಿರಬೇಕು. ಚಪ್ಪಟೆ ತಂತಿ, ಅಥವಾ ಮೂರು ಬಿಡಿ ತಂತಿಗಳನ್ನು ಒಟ್ಟಿಗೆ ತುರುಕಿದರೆ ನಡುವೆ ಸಂದಿ ಉಳಿದೇ ಉಳಿಯುತ್ತದೆ. ಮೂರು ತಂತಿ ಬೇಕಾದರೆ ಮೂರು ಎಳೆಯ ದುಂಡು ಕೇಬಲ್ ಬಳಸಿ. ಒಂದೇ ಗ್ಲ್ಯಾಂಡಿನಲ್ಲಿ ನಾಲ್ಕು ಕಣ್ಣಿನ ರಬ್ಬರ್ ಇರುವ ಬಗೆಯೂ ಇದೆ, ಅದೂ ಆದೀತು. ಖಾಲಿ ಉಳಿದ ಗ್ಲ್ಯಾಂಡಿಗೆ ಬಿರಡೆ ಹಾಕಲು ಮರೆಯಬೇಡಿ.

ಇನ್ನೊಂದು ಕಳ್ಳದಾರಿ ಇದೆ. ಕೇಬಲ್ಲಿನ ಹೊರಗಿನ ತುದಿ ಮಳೆಯಲ್ಲಿ ಬಾಯಿಬಿಟ್ಟುಕೊಂಡಿದ್ದರೆ ನೀರು ತಾಮ್ರದ ಎಳೆಗಳ ನಡುವೆ, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ, ಒಳಗೊಳಗೇ ಸಾಗುತ್ತದೆ. ಆ ತುದಿ ಪೆಟ್ಟಿಗೆಗಿಂತ ಎತ್ತರದಲ್ಲಿದ್ದರೆ ಕೇಬಲ್ಲೇ ನಲ್ಲಿ ಪೈಪು. ಗ್ಲ್ಯಾಂಡ್ ಎಷ್ಟು ಬಿಗಿದರೇನು, ನೀರು ಅದರ ನಡುವಿನಿಂದಲೇ ಬಂತು. ಹೊರಗಿನ ಪ್ರತಿ ಜೋಡಣೆಗೂ ಒಳಮೈಗೆ ಅಂಟು ಬಳಿದ, ಬಿಸಿ ಮಾಡಿದರೆ ಕುಗ್ಗಿ ತಂತಿಯನ್ನು ಹಿಡಿಯುವ ಹೀಟ್‌ಶ್ರಿಂಕ್ ಕೊಳವೆ ಹಾಕಿ, ಇಲ್ಲವೇ ರಬ್ಬರ್ ಬಳೆಯಿರುವ ತಿರುಪಿನ ಕನೆಕ್ಟರ್ ಬಳಸಿ. ಕನೆಕ್ಟರಿನ ಪಿನ್ನಿಗೆ ಕರೆಂಟು ಹರಿಸದ ಡೈಎಲೆಕ್ಟ್ರಿಕ್ ಗ್ರೀಸ್ ಒಂದು ಚಿಟಿಕೆ ಸಾಕು. ಖಾಲಿ ಕನೆಕ್ಟರಿಗೆ ಟೋಪಿ ಹಾಕಿ, ಮುಖ ಕೆಳಗೆ ಮಾಡಿ ಬಿಡಿ.

ಸಿಲಿಕೋನ್ ಬಳಿಯುವವರಿಗೆ ಒಂದು ಮಾತು. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಆ ಆವಿ ತಾಮ್ರವನ್ನು ತಿನ್ನುತ್ತದೆ. ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ ಅಂತ ಬರೆದದ್ದನ್ನೇ ತನ್ನಿ. ನಾನು ಮೊದಲ ಸಲ ಬಳಿದದ್ದು ಯಾವುದು ಅಂತ ಹೇಳಬೇಕಿಲ್ಲ ಅಲ್ವಾ.

ಎಲ್ಲಿ, ಹೇಗೆ ಕೂರಿಸುವುದು

ಪೆಟ್ಟಿಗೆಯನ್ನು ದೀಪಗಳಿಂದ ದೂರ, ಜಗುಲಿಯ ಒಳಗೆ ಇಟ್ಟರೆ ಮಳೆಯ ತಲೆನೋವೇ ಇಲ್ಲವಲ್ಲ ಅನ್ನಿಸುತ್ತದೆ. ಆದರೆ ದೂರಕ್ಕೆ ಬೆಲೆ ಇದೆ. 1 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 5 ಆಂಪಿಯರ್ ಕರೆಂಟನ್ನು 10 ಮೀಟರ್ ಆಚೆಗೆ ಕಳಿಸಿದರೆ, ಹೋಗಿಬರುವ 20 ಮೀಟರ್ ಸೇರಿ ಸುಮಾರು 1.8 ವೋಲ್ಟ್ ದಾರಿಯಲ್ಲೇ ಖರ್ಚು. 12 ವೋಲ್ಟಿನ ದೀಪ ಹೇಗೋ ತಡೆದುಕೊಳ್ಳುತ್ತದೆ. 5 ವೋಲ್ಟಿನದಕ್ಕೆ ಮೂರನೇ ಒಂದು ಭಾಗವೇ ಹೋಯಿತು. ಬಿಳಿ ಬೆಳಕು ಕೆಂಪಗಾಗುತ್ತದೆ. ಬಣ್ಣದ ಸುದ್ದಿ ಒಯ್ಯುವ ಡೇಟಾ ತಂತಿಯೂ ಮೊದಲ ಬಲ್ಬಿನವರೆಗೆ ಕೆಲವೇ ಮೀಟರ್ ಇದ್ದರೆ ಕ್ಷೇಮ. ಹೀಗಾಗಿ ಪೆಟ್ಟಿಗೆ ದೀಪದ ಹತ್ತಿರವೇ ಇರಬೇಕು, ಅಂದರೆ ಮಳೆಯ ಹತ್ತಿರವೂ.

ಸೂರಿನ ಕೆಳಗಿನ ಗೋಡೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನೆಲದಿಂದ ಮೊಣಕಾಲಿಗಿಂತ ಎತ್ತರದಲ್ಲಿರಲಿ. ನೆಲಕ್ಕೆ ಬಿದ್ದು ಎರಚುವ ಮಳೆ ಕೆಸರನ್ನೂ ತರುತ್ತದೆ. ಹಿಮ ಬೀಳುವ ಕಡೆ ಹಿಮದ ರಾಶಿಗಿಂತ ಮೇಲಿರಬೇಕು. ಪೆಟ್ಟಿಗೆ ನೆಟ್ಟಗೆ ನಿಂತಿರಲಿ. ಮುಚ್ಚಳ ಆಕಾಶ ನೋಡುವಂತೆ ಮಲಗಿಸಿದರೆ ಅಂಚಿನ ತೋಡಿನಲ್ಲಿ ನೀರು ನಿಂತು, ಮೇಲೆ ಹೇಳಿದ ಉಸಿರಿಗಾಗಿ ಕಾಯುತ್ತದೆ.

ಹೊಸಬರು ಮಾಡುವ ತಪ್ಪು ಇಲ್ಲಿದೆ. ಪೆಟ್ಟಿಗೆಯ ಬೆನ್ನಿಗೆ ಒಳಗಿನಿಂದಲೇ ನಾಲ್ಕು ತೂತು ಹೊಡೆದು ಗೋಡೆಗೆ ಸ್ಕ್ರೂ ಬಿಗಿಯುತ್ತಾರೆ. ಗೋಡೆ ಮೇಲೆ ಇಳಿಯುವ ನೀರಿಗೆ ನಾಲ್ಕು ಬಾಗಿಲು ತೆರೆದ ಹಾಗಾಯಿತು. ಒಳ್ಳೆಯ ಪೆಟ್ಟಿಗೆಗಳಲ್ಲಿ ಸ್ಕ್ರೂ ಜಾಗ ರಬ್ಬರ್ ಗೆರೆಯ ಹೊರಗೆ, ಮೂಲೆಗಳಲ್ಲಿ ಇರುತ್ತದೆ, ಅಥವಾ ಹೊರಗೆ ಕಿವಿಗಳಿರುತ್ತವೆ. ಅವನ್ನೇ ಬಳಸಿ. ಗೋಡೆಗೂ ಪೆಟ್ಟಿಗೆಗೂ ನಡುವೆ ಒಂದೆರಡು ಸೆಂಟಿಮೀಟರ್ ಬಿಟ್ಟರೆ ನೀರು ಇಳಿದುಹೋಗುತ್ತದೆ, ಬೆನ್ನೂ ತಣ್ಣಗಿರುತ್ತದೆ. ಒಳಗಡೆ ಬೋರ್ಡನ್ನು ನೇರ ಪೆಟ್ಟಿಗೆಗೆ ಅಂಟಿಸದೆ ಒಂದು ಹಲಗೆಗೆ, ಪುಟ್ಟ ಗೂಟಗಳ ಮೇಲೆ ಎತ್ತರಿಸಿ ಕೂರಿಸಿ. ಹಲಗೆ ಸಮೇತ ಹೊರತೆಗೆದು ಮೇಜಿನ ಮೇಲೆ ಕೆಲಸ ಮಾಡಬಹುದು. ಬೋರ್ಡು ಮೇಲರ್ಧದಲ್ಲಿರಲಿ, ತಳದ ಎರಡು ಇಂಚು ಖಾಲಿ ಬಿಡಿ. ಅದು ನೀರಿನ ಪಾಲು.

ಮನೆಯ ಕರೆಂಟಿನ ವಿಷಯದಲ್ಲಿ ಮಾತ್ರ ಜುಗ್ಗತನ ಬೇಡ. ಹೊರಗಿನ ಲೈನಿಗೆ ಆರ್‌ಸಿಸಿಬಿ ಇರಲೇಬೇಕು. ಹೋದ ಕರೆಂಟಿಗೂ ಮರಳಿ ಬಂದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ ಅದು ಕಟ್ ಮಾಡುತ್ತದೆ. ಉತ್ತರ ಅಮೆರಿಕದಲ್ಲಿ ಇದೇ ಕೆಲಸ ಮಾಡುವ ಜಿಎಫ್‌ಸಿಐ ಸುಮಾರು 5 ಮಿಲಿ ಆಂಪಿಯರಿಗೇ ಕಟ್ ಮಾಡುತ್ತದೆ. ಮಳೆ ಬಂದಾಗಲೆಲ್ಲ ಅದು ಬೀಳುತ್ತಿದ್ದರೆ ಅದನ್ನು ಬೈದು ತೆಗೆದುಹಾಕಬೇಡಿ, ಎಲ್ಲೋ ನೀರು ಸೇರಿದೆ ಅಂತ ಅದು ಹೇಳುತ್ತಿದೆ. ಲೋಹದ ಪೆಟ್ಟಿಗೆಗೂ ಸಪ್ಲೈನ ಲೋಹದ ಮೈಗೂ ಅರ್ಥಿಂಗ್ ಕೊಡಿ. ಎಕ್ಸ್‌ಟೆನ್ಶನ್ ಬೋರ್ಡಿನ ಜೋಡಣೆ ನೆಲದ ಮೇಲೆ ಬಿದ್ದಿರಬಾರದು. ಈ ಭಾಗದ ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

ಬೋರ್ಡಿನ ಮೇಲೆ ರಕ್ಷಣೆಯ ಕೋಟಿಂಗ್ ಸಿಂಪಡಿಸುವುದು ಒಳ್ಳೆಯದೇ. ಕನೆಕ್ಟರ್, ಬಟನ್, ಫ್ಯೂಸ್ ಜಾಗಕ್ಕೆ ಮೊದಲು ಟೇಪ್ ಅಂಟಿಸಬೇಕು ಅಷ್ಟೇ. ಸಿಲಿಕಾ ಜೆಲ್ ಪೊಟ್ಟಣದ ಮೇಲೆ ಮಾತ್ರ ನನಗೆ ನಂಬಿಕೆಯಿಲ್ಲ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಕುಡಿದ ಮೇಲೆ ಅದು ಸುಮ್ಮನಾಗುತ್ತದೆ, ಉಸಿರಾಡುವ ಪೆಟ್ಟಿಗೆಯಲ್ಲಿ ಅದಕ್ಕೆ ಕೆಲವು ದಿನ ಸಾಕು.

ಎಲ್ಲ ಮುಗಿದ ಮೇಲೆ, ಕರೆಂಟು ಕೊಡುವ ಮೊದಲು, ಒಳಗೆ ನಾಲ್ಕು ಮೂಲೆಗೂ ಗ್ಲ್ಯಾಂಡುಗಳ ಬುಡಕ್ಕೂ ಟಿಶ್ಯೂ ಪೇಪರ್ ಇಟ್ಟು ಮುಚ್ಚಿ. ಮುಚ್ಚಳದ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಿರಿ; ಒಂದೇ ಕಡೆ ಪೂರ್ತಿ ಬಿಗಿದರೆ ರಬ್ಬರ್ ಓರೆಯಾಗುತ್ತದೆ. ಬಿಸಿಲಲ್ಲಿ ಒಂದು ಗಂಟೆ ಕಾಯಲು ಬಿಟ್ಟು, ಆಮೇಲೆ ಹತ್ತು ನಿಮಿಷ ಪೈಪಿನಿಂದ ತಣ್ಣೀರು ಹಿಡಿಯಿರಿ. ಕಾಯಿಸದೆ ಹಿಡಿದರೆ ಪೆಟ್ಟಿಗೆ ಪಾಸಾಗಿಬಿಡುತ್ತದೆ, ನಿಜವಾದ ಮಳೆಯಲ್ಲಿ ಫೇಲಾಗುತ್ತದೆ. ತೆರೆದು ನೋಡಿದಾಗ ಯಾವ ಪೇಪರ್ ಒದ್ದೆಯೋ ಅಲ್ಲಿದೆ ಕೆಲಸ.

ಹಬ್ಬ ಮುಗಿದು ಪೆಟ್ಟಿಗೆ ಕೆಳಗಿಳಿಸಿದ ಮೇಲೆ ಮುಚ್ಚಳದ ಸ್ಕ್ರೂ ಸಡಿಲ ಮಾಡಿಡಿ. ವರ್ಷವಿಡೀ ಅದುಮಿಟ್ಟ ರಬ್ಬರ್ ಹಾಗೇ ಚಪ್ಪಟೆಯಾಗಿ ಉಳಿದುಬಿಡುತ್ತದೆ. ಮುಂದಿನ ಸಲ ಹೊರತೆಗೆದಾಗ ಮೊದಲು ತಳದ ತೂತಿಗೆ ಒಂದು ಕಡ್ಡಿ ಹಾಕಿ ನೋಡಿ. ಜಾಲರಿಯ ಹೊರಗೆ ಜೇಡ ಬಲೆ ಹೆಣೆದಿರುತ್ತದೆ, ಇಲ್ಲವೇ ಕಣಜ ಮಣ್ಣು ಮೆತ್ತಿರುತ್ತದೆ.